ಒನೇಸಿಮನು ನಿಜವಾಗಿ ಓಡಿಹೋದವನೇ? ಫಿಲೆಮೋನನಿಗೆ ಬರೆದ ಪತ್ರಿಕೆಯ ಬಗ್ಗೆ ಒಂದು ಚರ್ಚೆ

ಹೇಮಾವತಿ ದಂಡೆ (ಚರ್ಚೆ ಆರಂಭಿಸಿದವರು)

ನಮ್ಮ ಕ್ರೈಸ್ತ ಸಭೆಯ ವೇದಪಾಠದ ಗುಂಪಿನಲ್ಲಿ ಮುಂದಿನ ಗುರುವಾರ, ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಅಪೊಸ್ತಲ ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯನ್ನು ಓದಿ ವಿವರಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಇಪ್ಪತ್ತೈದೇ ವಚನಗಳ ಪತ್ರಿಕೆಯಲ್ಲವೇ, ಒಂದು ಸಂಜೆಗೆ ಮುಗಿಯುತ್ತದೆ ಎಂದುಕೊಂಡು ಒಪ್ಪಿಕೊಂಡೆ. ಸಂಡೇ ಸ್ಕೂಲಿನ ದಿನಗಳಿಂದ ನನಗೆ ಗೊತ್ತಿದ್ದ ಕಥೆ ಇಷ್ಟು: ಕೊಲೊಸ್ಸೆ ಎಂಬ ಊರಿನ ಶ್ರೀಮಂತನಾದ ಫಿಲೆಮೋನನ ಮನೆಯಲ್ಲಿ ಒನೇಸಿಮನೆಂಬ ಗುಲಾಮನಿದ್ದನು, ಅವನು ಯಜಮಾನನ ಹಣ ಕದ್ದು ರೋಮಿಗೆ ಓಡಿಹೋದನು, ಅಲ್ಲಿ ಸೆರೆಯಲ್ಲಿದ್ದ ಪೌಲನ ಕೈಗೆ ಸಿಕ್ಕಿ ಕ್ರಿಸ್ತನನ್ನು ನಂಬಿದನು, ಪೌಲನು ಅವನನ್ನು ಪತ್ರ ಕೊಟ್ಟು ಹಿಂದಕ್ಕೆ ಕಳುಹಿಸಿದನು, ಯಜಮಾನನು ಕ್ಷಮಿಸಿ ತಬ್ಬಿಕೊಂಡನು.

ಈ ವಾರ ಪತ್ರಿಕೆಯನ್ನು ಮೂರು ಸಲ ನಿಧಾನವಾಗಿ ಓದಿದ ಮೇಲೆ ನನಗೆ ಗಾಬರಿಯಾಗಿದೆ. ಅವನು ಕದ್ದನೆಂದು ಅಲ್ಲಿಲ್ಲ, ರೋಮಿನ ಹೆಸರಿಲ್ಲ, ಕೊಲೊಸ್ಸೆಯ ಹೆಸರೂ ಇಲ್ಲ. ಇಬ್ಬರೂ ಎಲ್ಲಿ, ಹೇಗೆ ಭೇಟಿಯಾದರೆಂದು ಇಲ್ಲ. ಫಿಲೆಮೋನನು ಏನು ಮಾಡಿದನೆಂಬುದಂತೂ ಇರಲು ಸಾಧ್ಯವೇ ಇಲ್ಲ, ಏಕೆಂದರೆ ನಮ್ಮ ಕೈಯಲ್ಲಿರುವುದು ಅವನಿಗೆ ಹೋದ ಪತ್ರವೇ ಹೊರತು ಅವನಿಂದ ಬಂದ ಉತ್ತರವಲ್ಲ. ಹಾಗಾದರೆ ನಾವು ಹೇಳಿಕೊಂಡು ಬಂದಿರುವ ಕಥೆಯಲ್ಲಿ ಪಠ್ಯವೆಷ್ಟು, ಸಂಪ್ರದಾಯವೆಷ್ಟು? ಇನ್ನೊಂದು ಪ್ರಶ್ನೆ ಇದಕ್ಕಿಂತ ಭಾರವಾದದ್ದು. ಇವನನ್ನು ಬಿಡುಗಡೆ ಮಾಡು ಎಂಬ ಒಂದು ಮಾತನ್ನು ಪೌಲನು ಏಕೆ ಬರೆಯಲಿಲ್ಲ?

ಗ್ರೀಕ್ ಓದುಗ

ನೀವು ಗಮನಿಸಿದ್ದು ಸರಿಯಾಗಿದೆ. ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲಿ ಇದೇ ಅತ್ಯಂತ ಚಿಕ್ಕದು. ಗ್ರೀಕ್ ಮೂಲದಲ್ಲಿ 335 ಪದಗಳು ಮಾತ್ರ. ಪರಾರಿಯಾಗುವುದನ್ನು ಸೂಚಿಸುವ ಯಾವ ಕ್ರಿಯಾಪದವೂ ಅದರಲ್ಲಿಲ್ಲ. 15ನೇ ವಚನದಲ್ಲಿರುವುದು ‘ಎಖೋರಿಸ್ಥೇ’ ಎಂಬ ಕರ್ಮಣಿ ರೂಪ. ‘ಅವನು ಸ್ವಲ್ಪ ಕಾಲ ಅಗಲಿಸಲ್ಪಟ್ಟನು’ ಎಂದು ಅದರ ನೇರ ಅರ್ಥ. ಅಗಲಿಸಿದವರು ಯಾರೆಂದು ಪೌಲನು ಹೇಳುವುದಿಲ್ಲ, ಆದರೆ ಕರ್ತೃವನ್ನು ಹೀಗೆ ಮರೆಯಲ್ಲಿರಿಸಿದಾಗ ಯೆಹೂದಿ ಕಿವಿಗೆ ದೇವರ ಕೈ ಕಾಣಿಸುತ್ತದೆ. ಅದಕ್ಕೂ ಮೊದಲು ‘ಬಹುಶಃ’ ಎಂಬ ಪದವೊಂದಿದೆ; ನಮ್ಮ ಬೋಧಕರು ಆ ಪದವನ್ನು ಬಹಳ ಬೇಗ ದಾಟಿಬಿಡುತ್ತಾರೆ.

ಕಳ್ಳತನದ ಕಥೆ ಹುಟ್ಟಿರುವುದು 18ನೇ ವಚನದಿಂದ. ಅವನು ನಿನಗೆ ಏನಾದರೂ ಅನ್ಯಾಯ ಮಾಡಿದ್ದರೆ ಇಲ್ಲವೇ ನಿನಗೆ ಕೊಡಬೇಕಾಗಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಪೌಲನು ಹೇಳುತ್ತಾನೆ. ‘ಮಾಡಿದ್ದರೆ’ ಎಂಬುದು ಆರೋಪವನ್ನು ಒಪ್ಪಿಕೊಂಡ ಮಾತಲ್ಲ, ತಳ್ಳಿಹಾಕಿದ ಮಾತೂ ಅಲ್ಲ. ಗುಲಾಮನು ಮನೆಯಿಂದ ದೂರವಿದ್ದ ದಿನಗಳ ದುಡಿಮೆಯೇ ಯಜಮಾನನ ಪಾಲಿಗೆ ನಷ್ಟವಾಗಿದ್ದರಿಂದ ಕಳ್ಳತನವಿಲ್ಲದೆಯೂ ಈ ಸಾಲು ಅರ್ಥವಾಗುತ್ತದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಈ ಪತ್ರಿಕೆಯ ಮೇಲೆ ಪ್ರಸಂಗ ಮಾಡಿದ ಯೋಹಾನ ಕ್ರಿಸೊಸ್ತೋಮನು ಒನೇಸಿಮನು ಕದ್ದು ಓಡಿದನೆಂದೇ ಹಿಡಿದು ಮಾತನಾಡಿದ್ದಾನೆ. ನಮ್ಮ ಸಂಡೇ ಸ್ಕೂಲಿನ ಕಥೆಗೆ ಅಷ್ಟು ಹಳೆಯ ಬೇರಿದೆ.

ಗುಂಪಿನಲ್ಲಿ ಹೇಳಲು ಉಪಯೋಗವಾಗಬಹುದಾದ ಒಂದೆರಡು ಪದಗಳನ್ನೂ ತಿಳಿಸುತ್ತೇನೆ. ‘ಒನೇಸಿಮೊಸ್’ ಎಂದರೆ ಪ್ರಯೋಜನಕ್ಕೆ ಬರುವವನು. ಗುಲಾಮರಿಗೆ ಯಜಮಾನರು ಇಡುತ್ತಿದ್ದ ಸಾಮಾನ್ಯ ಹೆಸರುಗಳಲ್ಲಿ ಇದೂ ಒಂದು. 11ನೇ ವಚನದಲ್ಲಿ ಪೌಲನು ಆ ಹೆಸರನ್ನೇ ಹಿಡಿದು, ಮೊದಲು ನಿನಗೆ ‘ಅಖ್ರೇಸ್ತೊಸ್’, ಅಂದರೆ ಪ್ರಯೋಜನವಿಲ್ಲದವನು, ಈಗ ನಿನಗೂ ನನಗೂ ‘ಯೂಖ್ರೇಸ್ತೊಸ್’, ಅಂದರೆ ಬಹಳ ಪ್ರಯೋಜನದವನು ಎನ್ನುತ್ತಾನೆ. ಆ ಕಾಲದ ಉಚ್ಚಾರದಲ್ಲಿ ‘ಖ್ರೇಸ್ತೊಸ್’ ಮತ್ತು ‘ಖ್ರಿಸ್ತೊಸ್’ ಬಹಳ ಹತ್ತಿರವಾಗಿದ್ದುದರಿಂದ, ಕೇಳುವವರಿಗೆ ‘ಕ್ರಿಸ್ತನಿಲ್ಲದವನು’ ಎಂಬ ನೆರಳೂ ಬಿದ್ದಿರಬಹುದು. 20ನೇ ವಚನದಲ್ಲಿ ‘ನಿನ್ನಿಂದ ನನಗೆ ಪ್ರಯೋಜನವಾಗಲಿ’ ಎಂದು ಫಿಲೆಮೋನನನ್ನು ಕೇಳುವಾಗ ಬಳಸಿದ ‘ಒನೈಮೆನ್’ ಕೂಡ ಒನೇಸಿಮನ ಹೆಸರಿನ ಸದ್ದನ್ನೇ ಎಬ್ಬಿಸುತ್ತದೆ. ಪ್ರಯೋಜನಕ್ಕೆ ಬರಬೇಕಾದ ಸರದಿ ಈಗ ಯಜಮಾನನದು.

ಮತ್ತೊಂದು ಪದ ‘ಸ್ಪ್ಲಾಂಖ್ನ’. ಬೇರೆ ಭಾಷೆಗಳ ಅನುವಾದಕರು ಇದಕ್ಕೆ ಹೃದಯ ಎಂದು ಹಾಕಿ ಸುಮ್ಮನಾಗಬೇಕಾಗುತ್ತದೆ, ಆದರೆ ಕನ್ನಡಕ್ಕೆ ಅದರ ನೇರ ಅರ್ಥವೇ ಒಗ್ಗುತ್ತದೆ: ಕರುಳು. ಈ ಪದ 7, 12 ಮತ್ತು 20ನೇ ವಚನಗಳಲ್ಲಿ ಬರುತ್ತದೆ. ನೀನು ದೇವಜನರ ಕರುಳನ್ನು ತಂಪು ಮಾಡಿದವನು. ನಾನು ಹಿಂದಕ್ಕೆ ಕಳುಹಿಸುತ್ತಿರುವ ಇವನು ನನ್ನ ಕರುಳು. ಈಗ ನನ್ನ ಕರುಳನ್ನು ತಂಪು ಮಾಡು. ಮೂರು ಮೆಟ್ಟಿಲು ಹತ್ತಿಸಿ ಫಿಲೆಮೋನನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾನೆಂದು ನೋಡಿ.

ಹಳೆಯ ವಕೀಲ

ಕಾನೂನಿನ ಕಡೆಯಿಂದ ಒಂದಿಷ್ಟು ಹೇಳುತ್ತೇನೆ. ರೋಮನ್ ನ್ಯಾಯಶಾಸ್ತ್ರದಲ್ಲಿ ಪರಾರಿಯಾದ ಗುಲಾಮನನ್ನು ‘ಫುಗಿಟೀವುಸ್’ ಎಂದು ಕರೆಯುತ್ತಿದ್ದರು. ಈ ಪದಕ್ಕೆ ಅಷ್ಟು ಸೂಕ್ಷ್ಮವಾದ ವ್ಯಾಖ್ಯಾನ ಬೆಳೆದದ್ದು ದಂಡನೆಯ ಸಲುವಾಗಿ ಅಲ್ಲ, ಮಾರಾಟದ ಸಲುವಾಗಿ. ಗುಲಾಮರನ್ನು ಮಾರುವವನು ಅವರ ರೋಗ ಮತ್ತು ದೋಷಗಳನ್ನು ಕೊಳ್ಳುವವನಿಗೆ ತಿಳಿಸಬೇಕೆಂಬ ನಿಯಮವಿತ್ತು. ಓಡಿಹೋಗುವ ಚಾಳಿಯೂ ಆ ದೋಷಗಳಲ್ಲಿ ಒಂದಾಗಿತ್ತು. ಹಾಗಾಗಿ ಯಾರನ್ನು ಓಡಿಹೋದವನೆನ್ನಬೇಕು ಎಂಬುದು ದುಡ್ಡಿನ ವ್ಯಾಜ್ಯವಾಯಿತು. ಮನುಷ್ಯನೊಬ್ಬನು ಸ್ವಾತಂತ್ರ್ಯಕ್ಕಾಗಿ ಹೆಜ್ಜೆ ಎತ್ತಿದ್ದನ್ನು ಎತ್ತಿನ ಹಾಯುವ ಚಾಳಿಯಂತೆ ಸರಕಿನ ದೋಷವಾಗಿ ದಾಖಲಿಸಿದ ಕಾನೂನು ಅದು.

ಒಂದನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಪ್ರೊಕುಲುಸನ ಅಭಿಪ್ರಾಯವೊಂದು ನಮಗೆ ಉಳಿದಿದೆ. ಯಜಮಾನನ ಕೋಪಕ್ಕೆ ಹೆದರಿದ ಗುಲಾಮನು ತನ್ನ ಪರವಾಗಿ ಮಾತನಾಡಲೆಂದು ಯಜಮಾನನ ಸ್ನೇಹಿತನ ಬಳಿಗೆ ಹೋದರೆ ಅವನು ಫುಗಿಟೀವುಸ್ ಅಲ್ಲ ಎಂಬುದು ಅದರ ತಿರುಳು. ಓಡಿದ ದೂರಕ್ಕಿಂತ ಹೊರಟಾಗಿನ ಉದ್ದೇಶವೇ ಮುಖ್ಯ. ಜರ್ಮನಿಯ ವಿದ್ವಾಂಸ ಪೀಟರ್ ಲಾಂಪೆ 1985ರಲ್ಲಿ ಇದನ್ನು ಫಿಲೆಮೋನನ ಪತ್ರಿಕೆಗೆ ಅನ್ವಯಿಸಿ, ಒನೇಸಿಮನು ಆಕಸ್ಮಿಕವಾಗಿ ಪೌಲನಿಗೆ ಸಿಕ್ಕವನಲ್ಲ, ಮಧ್ಯಸ್ಥಿಕೆ ಕೋರಿ ಪೌಲನನ್ನೇ ಹುಡುಕಿಕೊಂಡು ಹೋದವನು ಎಂದು ವಾದಿಸಿದರು. ಆಮೇಲೆ 1987ರಲ್ಲಿ ಸಾರಾ ವಿಂಟರ್ ಎಂಬ ವಿದುಷಿ, ಅವನು ಓಡಿಯೇ ಹೋಗಿಲ್ಲ, ಸೆರೆಯಲ್ಲಿದ್ದ ಪೌಲನ ಸೇವೆಗೆಂದು ಸಭೆಯವರೇ ಕಳುಹಿಸಿದ್ದರು ಎಂದು ವಾದಿಸಿದರು. ಎರಡನೆಯದು ನನಗೆ ಒಪ್ಪಿಗೆಯಾಗುವುದಿಲ್ಲ. ಮನೆಯವರೇ ಕಳುಹಿಸಿದ್ದರೆ ‘ಮೊದಲು ಪ್ರಯೋಜನವಿಲ್ಲದವನು’ ಎಂಬ ಮಾತಿಗೂ ಸಾಲದ ಮಾತಿಗೂ ಅಷ್ಟೊಂದು ಮುಲಾಮು ಹಚ್ಚುವ ಅಗತ್ಯ ಪೌಲನಿಗೆ ಇರುತ್ತಿರಲಿಲ್ಲ.

ಮಧ್ಯಸ್ಥಿಕೆಯ ಪತ್ರ ಹೇಗಿರುತ್ತಿತ್ತೆಂದು ತಿಳಿಯಲು ರೋಮನ್ ಲೇಖಕ ಕಿರಿಯ ಪ್ಲಿನಿಯು ತನ್ನ ಸ್ನೇಹಿತ ಸಬಿನಿಯಾನುಸನಿಗೆ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿ ತಪ್ಪು ಮಾಡಿದವನು ಗುಲಾಮನಲ್ಲ, ಬಿಡುಗಡೆ ಹೊಂದಿದ ಸೇವಕ. ಅವನು ನನ್ನ ಕಾಲಿಗೆ ಬಿದ್ದು ಅತ್ತನು, ನಿಜವಾಗಿ ಪಶ್ಚಾತ್ತಾಪಪಟ್ಟಿದ್ದಾನೆ, ನಾನೂ ಚೆನ್ನಾಗಿ ಬೈದಿದ್ದೇನೆ, ಅವನ ಪ್ರಾಯವನ್ನೂ ಕಣ್ಣೀರನ್ನೂ ನೋಡಿ ಕರುಣೆ ತೋರು ಎಂದು ಪ್ಲಿನಿಯು ಕೇಳುತ್ತಾನೆ. ಆ ಕೋರಿಕೆ ಫಲಿಸಿತೆಂಬುದಕ್ಕೆ ಅವನ ಧನ್ಯವಾದದ ಪತ್ರವೂ ಉಳಿದಿದೆ. ಪೌಲನ ಪತ್ರದಲ್ಲಿ ಇದಾವುದೂ ಇಲ್ಲ. ಒನೇಸಿಮನು ಅತ್ತನೆಂದಾಗಲಿ, ಪಶ್ಚಾತ್ತಾಪಪಟ್ಟನೆಂದಾಗಲಿ ಒಂದಕ್ಷರವಿಲ್ಲ. ‘ಕ್ಷಮಿಸು’ ಎಂಬ ಪದವೂ ಇಲ್ಲ. ಅದರ ಬದಲಿಗೆ ಇರುವುದು, ಪೌಲನೆಂಬ ನಾನೇ ಸ್ವಂತ ಕೈಯಿಂದ ಬರೆದಿದ್ದೇನೆ, ನಾನೇ ತೀರಿಸುತ್ತೇನೆ ಎಂಬ 19ನೇ ವಚನ. ಇದನ್ನು ಭಾವುಕತೆಯ ಮಾತೆಂದು ಓದಬೇಡಿ. ಸಾಲಗಾರನು ಸ್ವಹಸ್ತದಿಂದ ಬರೆದುಕೊಡುವ ಪತ್ರಕ್ಕೆ ಆ ಕಾಲದ ವ್ಯವಹಾರದಲ್ಲಿ ಬೆಲೆಯಿತ್ತು. ಪ್ರೀತಿಯ ಪತ್ರದ ನಡುವೆ ಪೌಲನು ಒಂದು ಸಾಲಪತ್ರವನ್ನೇ ಬರೆದುಕೊಟ್ಟಿದ್ದಾನೆ.

ನೇರಳೆ ಮರ

ಹಳೆಯ ವಕೀಲರೇ, ಒಂದು ಸಂದೇಹ. ಕೊಲೊಸ್ಸೆಯಂಥ ಸಣ್ಣ ಊರಿನ ಮನೆಯೊಂದಕ್ಕೆ ರೋಮಿನ ನ್ಯಾಯಶಾಸ್ತ್ರಜ್ಞನ ಅಭಿಪ್ರಾಯ ಗೊತ್ತಿತ್ತೇ? ಫಿಲೆಮೋನನು ರೋಮನ್ ನಾಗರಿಕನಾಗಿದ್ದನೆಂಬುದಕ್ಕೂ ಆಧಾರವಿಲ್ಲವಲ್ಲ.

ಹಳೆಯ ವಕೀಲ

ಒಳ್ಳೆಯ ಆಕ್ಷೇಪಣೆ, ಒಪ್ಪುತ್ತೇನೆ. ಆ ಅಭಿಪ್ರಾಯವು ಫಿಲೆಮೋನನ ಮನೆಯಲ್ಲಿ ಜಾರಿಯಲ್ಲಿತ್ತೆಂದು ನಾನು ವಾದಿಸುವುದಿಲ್ಲ. ಯಜಮಾನನ ಗೆಳೆಯನ ಮೊರೆಹೋಗುವ ರೂಢಿಯಿದ್ದುದರಿಂದಲೇ ಅದರ ಬಗ್ಗೆ ವ್ಯಾಜ್ಯವೂ ಅಭಿಪ್ರಾಯವೂ ಹುಟ್ಟಿದವು ಎಂಬಷ್ಟಕ್ಕೇ ಅದು ಸಾಕ್ಷಿ.

ಭಯ ಮಾತ್ರ ಎಲ್ಲ ಕಡೆಯೂ ಒಂದೇ ಆಗಿತ್ತು. ಕ್ರಿ.ಪೂ. 156ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹೊರಡಿಸಿದ ಒಂದು ಪ್ರಕಟಣೆ ಪಪೈರಸ್ ಮೇಲೆ ಉಳಿದಿದೆ. ಓಡಿಹೋದ ಗುಲಾಮನ ಚಹರೆ, ಅವನು ಒಯ್ದ ವಸ್ತುಗಳು ಎಲ್ಲವನ್ನೂ ವಿವರಿಸಿ ಬಹುಮಾನ ಘೋಷಿಸಿದ್ದಾರೆ. ಹಿಡಿದು ತಂದರೆ ಒಂದು ಮೊತ್ತ, ದೇವಸ್ಥಾನದಲ್ಲಿ ಆಶ್ರಯ ಪಡೆದಿದ್ದಾನೆಂದು ತೋರಿಸಿದರೆ ಅದಕ್ಕಿಂತ ಕಡಿಮೆ, ದಾವೆ ಹೂಡಬಹುದಾದ ಸ್ಥಿತಿವಂತನ ಮನೆಯಲ್ಲಿದ್ದಾನೆಂದು ತೋರಿಸಿದರೆ ಎಲ್ಲಕ್ಕಿಂತ ಹೆಚ್ಚು. ಅಡಗಿಸಿಟ್ಟವನಿಂದ ಪರಿಹಾರ ವಸೂಲಿ ಮಾಡಬಹುದಾಗಿತ್ತು ಎಂಬುದೇ ಕಾರಣ. ಸಿಕ್ಕಿಬಿದ್ದವನ ಹಣೆಗೆ ಬರೆ ಹಾಕುವುದಿತ್ತು. ಮುಂದಿನ ಶತಮಾನಗಳಲ್ಲಿ ಕೊರಳಿಗೆ ಹಾಕುತ್ತಿದ್ದ ಕಬ್ಬಿಣದ ಪಟ್ಟಿಗಳು, ‘ಓಡಿಹೋಗುತ್ತಿದ್ದೇನೆ, ನನ್ನನ್ನು ಹಿಡಿ’ ಎಂಬರ್ಥದ ಬರಹದ ಸಮೇತ, ಅಗೆತಗಳಲ್ಲಿ ಸಿಕ್ಕಿವೆ. ಇನ್ನು ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಕಾರಿ ಪೆಡಾನಿಯುಸ್ ಸೆಕುಂಡುಸನನ್ನು ಅವನ ಗುಲಾಮನೊಬ್ಬನು ಕೊಂದಾಗ, ಆ ಮನೆಯ ಸೂರಿನಡಿಯಲ್ಲಿದ್ದ 400 ಮಂದಿ ಗುಲಾಮರನ್ನು, ಬೀದಿಯ ಜನ ಪ್ರತಿಭಟಿಸಿದರೂ ಲೆಕ್ಕಿಸದೆ, ಕೊಲ್ಲಿಸಲಾಯಿತು. ಪೌಲನು ರೋಮಿನಲ್ಲಿ ಸೆರೆಯಲ್ಲಿದ್ದನೆಂದು ಸಂಪ್ರದಾಯ ಹೇಳುವುದೂ ಸರಿಸುಮಾರು ಅದೇ ವರ್ಷಗಳಲ್ಲಿ.

ಗ್ರೀಕ್ ಓದುಗ

ರೋಮಿನ ಮಾತು ಬಂದದ್ದರಿಂದ ಸ್ಥಳದ ವಿಚಾರವನ್ನೂ ಹೇಳಿಬಿಡುತ್ತೇನೆ. ಈ ಸೆರೆ ರೋಮಿನದ್ದಲ್ಲ, ಈಗಿನ ಟರ್ಕಿಯಲ್ಲಿದ್ದ ಎಫೆಸ ನಗರದ್ದು ಎಂದು ಈಗ ಅನೇಕರು ಯೋಚಿಸುತ್ತಾರೆ. ಆಗ ಪತ್ರದ ಕಾಲ ಕ್ರಿ.ಶ. 50ರ ದಶಕದ ಮಧ್ಯಭಾಗಕ್ಕೆ ಹೋಗುತ್ತದೆ. ಎಫೆಸದಿಂದ ಕೊಲೊಸ್ಸೆಗೆ ಸುಮಾರು 190 ಕಿಲೋಮೀಟರ್, ಒಂದು ವಾರದ ನಡಿಗೆ. ರೋಮಿಗಾದರೆ ಸಮುದ್ರ ದಾಟಿ ಹೋಗಬೇಕು, ಹಡಗಿನವನಿಗೆ ಹಣ ಕೊಡಬೇಕು. ‘ನನಗೊಂದು ಕೋಣೆಯನ್ನು ಸಿದ್ಧಮಾಡಿಡು’ ಎಂದು 22ನೇ ವಚನದಲ್ಲಿ ಪೌಲನು ಬರೆಯುವುದೂ ವಾರದ ದಾರಿಗೆ ಒಪ್ಪುವ ಮಾತು. ರೋಮಿನಿಂದ ಮುಂದೆ ಅವನು ಹೋಗಬೇಕೆಂದಿದ್ದದ್ದು ಪಶ್ಚಿಮಕ್ಕೆ, ಸ್ಪೇನಿಗೆ. ಎಫೆಸದ ಸೆರೆಯನ್ನು ‘ಅಪೊಸ್ತಲರ ಕೃತ್ಯಗಳು’ ಎಂಬ ಬೈಬಲ್ ಪುಸ್ತಕ ಹೇಳುವುದಿಲ್ಲವೆಂಬುದು ನಿಜ; ಆದರೆ ತಾನು ಎಷ್ಟೋ ಸಲ ಸೆರೆಯಲ್ಲಿದ್ದೆನೆಂದು ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ.

ಊರು ಕೊಲೊಸ್ಸೆ ಎಂಬುದೂ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಿಂದ ಗೊತ್ತಾಗುವುದು. ಅದರ 4ನೇ ಅಧ್ಯಾಯದಲ್ಲಿ ಪೌಲನ ಜೊತೆಗಾರ ತುಖಿಕನ ಜೊತೆ ಬರುತ್ತಿರುವ ಒನೇಸಿಮನನ್ನು ‘ನಿಮ್ಮಲ್ಲಿ ಒಬ್ಬನು’ ಎಂದು ಕರೆಯಲಾಗಿದೆ. ಆ ಪತ್ರಿಕೆ ಪೌಲನ ಕೈಯದೋ ಅವನ ಶಿಷ್ಯರದೋ ಎಂಬ ವಿವಾದವಿದೆ, ಆದರೂ ಊರಿನ ನೆನಪು ಹಳೆಯದು. ಇವತ್ತು ಆ ಜಾಗ ಟರ್ಕಿಯ ದೆನಿಜ್ಲಿ ಪ್ರಾಂತ್ಯದ ಹೊನಾಜ್ ಪಟ್ಟಣದ ಹತ್ತಿರ ಹುಲ್ಲು ಬೆಳೆದ ಒಂದು ದಿಬ್ಬ.

ಕಪ್ಪು ಮಣ್ಣು

ನಾನು ಸಭೆಗೆ ಹೋಗುವವನಲ್ಲ, ಆದರೆ ಈ ಪತ್ರವನ್ನು ಹಲವು ಸಲ ಓದಿದ್ದೇನೆ, ಏಕೆಂದರೆ ಅಮೆರಿಕದ ಗುಲಾಮಗಿರಿಯ ಚರಿತ್ರೆಯನ್ನು ಓದುವವನಿಗೆ ಇದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನೀವೆಲ್ಲರೂ ಪದಗಳ ಸೊಬಗನ್ನು ವಿವರಿಸುತ್ತಿದ್ದೀರಿ. ಆ ಪದಗಳ ಕೆಳಗಿರುವ ಕೆಲಸ ಯಾವುದು? ತಪ್ಪಿಸಿಕೊಂಡ ಮನುಷ್ಯನನ್ನು ಒಡೆಯನ ಮನೆಗೆ ವಾಪಸು ಕಳುಹಿಸುವುದು. ಪೌಲನು ಕಲಿತ ಧರ್ಮಶಾಸ್ತ್ರದಲ್ಲಿಯೇ, ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ, ಯಜಮಾನನಿಂದ ತಪ್ಪಿಸಿಕೊಂಡು ನಿನ್ನ ಬಳಿಗೆ ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬಾರದು, ಅವನು ತನಗೆ ಇಷ್ಟವಾದ ಊರಿನಲ್ಲಿ ನಿನ್ನ ನಡುವೆ ವಾಸಿಸಲಿ ಎಂಬ ಆಜ್ಞೆಯಿದೆ. ಪೌಲನು ಈ ಆಜ್ಞೆಯನ್ನು ಎತ್ತಿಯೇ ಇಲ್ಲ.

ಆ ಮೌನದ ಬೆಲೆಯನ್ನು ತೆತ್ತವರು ಬೇರೆಯವರು. 1850ರಲ್ಲಿ ಅಮೆರಿಕದಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಾಯಿದೆ ಬಂದಾಗ, ಮೋಸೆಸ್ ಸ್ಟುವರ್ಟರಂಥ ಬೈಬಲ್ ವಿದ್ವಾಂಸರು ಪೌಲನೇ ಒನೇಸಿಮನನ್ನು ಹಿಂದಕ್ಕೆ ಕಳುಹಿಸಲಿಲ್ಲವೇ ಎಂದು ಅದಕ್ಕೆ ಬೆಂಬಲವಾಗಿ ನಿಂತರು. ಅದಕ್ಕೂ ಮೊದಲು, 1833ರ ಸುಮಾರಿಗೆ, ಜಾರ್ಜಿಯದಲ್ಲಿ ಚಾರ್ಲ್ಸ್ ಕೊಲ್ಕಾಕ್ ಜೋನ್ಸ್ ಎಂಬ ಬೋಧಕರು ಗುಲಾಮರ ಸಭೆಯೊಂದರಲ್ಲಿ ಇದೇ ಪತ್ರಿಕೆಯನ್ನು ಹಿಡಿದು, ಓಡಿಹೋಗುವುದು ತಪ್ಪು ಎಂದು ಪ್ರಸಂಗ ಮಾಡಿದರು. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ಹೊರಟುಹೋದರು. ಉಳಿದವರಲ್ಲಿ ಕೆಲವರು, ಇಂಥ ಪತ್ರಿಕೆ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ ಎಂದರು. ಇದು ಸುವಾರ್ತೆಯಲ್ಲ ಎಂದರು. ನೀವು ಒಡೆಯರನ್ನು ಮೆಚ್ಚಿಸಲು ಬೋಧಿಸುತ್ತಿದ್ದೀರಿ ಎಂದರು. ಇದನ್ನೆಲ್ಲ ಬರೆದಿಟ್ಟವರು ಆ ಬೋಧಕರೇ. ಈ ಪತ್ರಿಕೆಗೆ ಬಂದಿರುವ ವ್ಯಾಖ್ಯಾನಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕವಾಗಿ ಕಾಣುವುದು ಎದ್ದುಹೋದ ಆ ಅರ್ಧ ಸಭೆಯ ವ್ಯಾಖ್ಯಾನ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳದಿರಲಾರೆ. 1706ರಲ್ಲಿ ಬಾಸ್ಟನ್ನಿನ ಬೋಧಕ ಕಾಟನ್ ಮಾದರಿಗೆ ಅವರ ಸಭೆಯವರು ಒಬ್ಬ ಆಫ್ರಿಕದ ಗುಲಾಮನನ್ನು ಕಾಣಿಕೆಯಾಗಿ ಕೊಟ್ಟರು. ಮಾದರ್ ಅವನಿಗಿಟ್ಟ ಹೆಸರು ಒನೇಸಿಮ. ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ತಾಗಿಸಿ ರೋಗವನ್ನು ತಡೆಯುವ ತನ್ನ ನಾಡಿನ ವಿಧಾನವನ್ನು ಮಾದರಿಗೆ ತಿಳಿಸಿಕೊಟ್ಟವನು ಅವನೇ. 1721ರ ಸಿಡುಬಿನಲ್ಲಿ ಬಾಸ್ಟನ್ನಿನ ಎಷ್ಟೋ ಜೀವಗಳು ಆ ತಿಳಿವಳಿಕೆಯಿಂದ ಉಳಿದವು. ಅವನ ಹುಟ್ಟುಹೆಸರು ಏನಾಗಿತ್ತೆಂದು ಯಾರೂ ಬರೆದಿಡಲಿಲ್ಲ. ಪ್ರಯೋಜನಕ್ಕೆ ಬರುವವನು ಎಂಬುದಷ್ಟೇ ಉಳಿದಿದೆ.

ಸಭೆಯ ಹಿರಿಯ

ಕಪ್ಪು ಮಣ್ಣು ಅವರ ಮಾತು ಚುಚ್ಚುತ್ತದೆ, ಚುಚ್ಚಬೇಕಾದದ್ದೇ. ಮೂವತ್ತು ವರ್ಷಗಳಿಂದ ವೇದಪಾಠ ಮಾಡಿಕೊಂಡು ಬಂದಿರುವ ನನಗೂ ಧರ್ಮೋಪದೇಶಕಾಂಡದ ಆ ಆಜ್ಞೆಗೆ ತೃಪ್ತಿಕರವಾದ ಉತ್ತರ ಸಿಕ್ಕಿಲ್ಲ. ಆದರೂ ಪತ್ರಿಕೆಯ ಒಳಗಿನ ಒತ್ತಡವನ್ನು ನಾವು ಕಡೆಗಣಿಸಬಾರದು.

ಈ ಪತ್ರ ಫಿಲೆಮೋನನೊಬ್ಬನಿಗೆ ಗುಟ್ಟಾಗಿ ಬಂದದ್ದಲ್ಲ. ಮೊದಲೆರಡು ವಚನಗಳಲ್ಲಿಯೇ ಅಪ್ಫಿಯಳ ಹೆಸರು, ಅರ್ಖಿಪ್ಪನ ಹೆಸರು, ಮನೆಯಲ್ಲಿ ಕೂಡುವ ಸಭೆಯ ಉಲ್ಲೇಖ ಇವೆ. ಅಂದರೆ ಇದನ್ನು ಗಟ್ಟಿಯಾಗಿ ಓದುವಾಗ ಎಲ್ಲರೂ ಕುಳಿತಿರುತ್ತಾರೆ, ಆ ಮನೆಯ ಬೇರೆ ಗುಲಾಮರೂ ಇರುತ್ತಾರೆ. ಆಜ್ಞಾಪಿಸುವ ಅಧಿಕಾರ ನನಗಿದೆ, ಆದರೂ ಪ್ರೀತಿಯ ನಿಮಿತ್ತ ಬೇಡಿಕೊಳ್ಳುತ್ತೇನೆ ಎಂದು ಆರಂಭಿಸಿ, ನಾನು ಮುದುಕ, ಈಗ ಬೇಡಿಯಲ್ಲಿರುವವನು ಎಂದು ನೆನಪಿಸಿ, ನೀನು ನಿನ್ನ ವಿಷಯದಲ್ಲಿಯೇ ನನಗೆ ಸಾಲಗಾರನೆಂದು ನಾನು ಹೇಳುವುದಿಲ್ಲ ಎಂದು ಹೇಳಿಯೇ ಬಿಟ್ಟು, ಕೊನೆಗೆ ನಾನು ಹೇಳಿದ್ದಕ್ಕಿಂತಲೂ ಹೆಚ್ಚಾಗಿ ಮಾಡುವಿಯೆಂದು ಬಲ್ಲೆ ಎನ್ನುತ್ತಾನೆ. ಅದರ ಬೆನ್ನಿಗೇ ಕೋಣೆ ಸಿದ್ಧಮಾಡು ಎಂಬ ಸೂಚನೆ: ಬಂದು ಕಣ್ಣಾರೆ ನೋಡುತ್ತೇನೆ ಎಂದರ್ಥ. ಆ ‘ಹೆಚ್ಚಾಗಿ’ ಎಂಬುದು ಬಿಡುಗಡೆಯೇ ಎಂದು ಬಹಳ ಮಂದಿ ತಿಳಿದಿದ್ದಾರೆ. ಪೌಲನ ಸೇವೆಗೆ ಅವನನ್ನು ಮರಳಿ ಕಳುಹಿಸಿಕೊಡಲಿ ಎಂಬ ಆಸೆಯೂ ಇರಬಹುದು, ಏಕೆಂದರೆ ಅವನನ್ನು ನನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕೆಂದಿದ್ದೆ ಎಂದು 13ನೇ ವಚನದಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಕಡೆ ಹಿರಿಯರು ಬೀಗರ ಮನೆಯಲ್ಲಿ ಕುಳಿತು, ಏನನ್ನೂ ಕೇಳದೆ ಎಲ್ಲವನ್ನೂ ಕೇಳಿಬಿಡುತ್ತಾರಲ್ಲ, ಆ ಜಾಣ್ಮೆ ಇದು.

ಇನ್ನೊಂದನ್ನು ಗಮನಿಸಿ. ಫಿಲೆಮೋನನ ಮನೆಯಲ್ಲಿ ಸಭೆ ಕೂಡುತ್ತಿತ್ತು. ಪ್ರಾರ್ಥನೆಯೂ ರೊಟ್ಟಿ ಮುರಿಯುವುದೂ ಒನೇಸಿಮನ ಕಣ್ಣೆದುರಿನಲ್ಲಿಯೇ ನಡೆದಿರಬೇಕು. ಯಜಮಾನನು ನಂಬಿದರೆ ಮನೆಯವರೆಲ್ಲರೂ ಸ್ನಾನದೀಕ್ಷೆ ಪಡೆಯುವ ರೂಢಿ ಆ ಕಾಲದಲ್ಲಿತ್ತು. ಆದರೂ ಅಲ್ಲಿ ನಂಬದವನು ಸೆರೆಮನೆಯಲ್ಲಿ ನಂಬಿದನು. ಬೇಡಿಗಳಲ್ಲಿ ನಾನು ಹೆತ್ತ ಮಗ ಎಂದು ಪೌಲನು ಅವನನ್ನು ಕರೆಯುತ್ತಾನೆ. ತನ್ನ ಯಜಮಾನನ ಊಟದ ಮೇಜಿನ ಬಳಿ ಸಿಗದ ಕ್ರಿಸ್ತನು ಅವನಿಗೆ ಕೈಕೋಳದಲ್ಲಿದ್ದ ಒಬ್ಬ ಮುದುಕನ ಬಳಿ ಏಕೆ ಸಿಕ್ಕನೆಂದು ಫಿಲೆಮೋನನು ಯೋಚಿಸಿರಲೇಬೇಕು. ಹೇಮಾವತಿ ದಂಡೆಯವರೇ, ನಿಮ್ಮ ಗುಂಪಿನಲ್ಲಿ ಒನೇಸಿಮನ ಪರಿವರ್ತನೆಯ ಬಗ್ಗೆ ಮಾತನಾಡುವಾಗ ಫಿಲೆಮೋನನ ಪರಿವರ್ತನೆ ಪೂರ್ತಿಯಾಗಿತ್ತೇ ಎಂದೂ ಕೇಳಿ.

ನೇರಳೆ ಮರ

ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಅವನನ್ನು ಸೇರಿಸಿಕೋ ಎನ್ನುವ 16ನೇ ವಚನದ ‘ದಾಸ’ ಎಂಬ ಪದದ ಬಗ್ಗೆ ಕನ್ನಡ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನಗನ್ನಿಸುತ್ತದೆ. ಗ್ರೀಕಿನ ‘ದೂಲೊಸ್’ ಎಂಬುದಕ್ಕೆ ನಮ್ಮ ಬೈಬಲ್ಲಿನಲ್ಲಿ ದಾಸ ಎಂದಿದೆ. ನಮ್ಮ ಕಿವಿಯಲ್ಲಿ ಆ ಪದಕ್ಕೆ ತಂಬೂರಿಯ ನಾದವಿದೆ. ಪುರಂದರದಾಸರು, ಕನಕದಾಸರು ಎಂದಾಗ ಅದು ಹೆಮ್ಮೆಯ ಪದವಿ. ರೋಮಾಪುರದವರಿಗೆ ಬರೆಯುವಾಗ ಪೌಲನು ತನ್ನನ್ನು ಕ್ರಿಸ್ತನ ‘ದೂಲೊಸ್’ ಎಂದು ಕರೆದುಕೊಳ್ಳುವ ಕಡೆ ದಾಸ ಎಂಬುದು ಸೊಗಸಾಗಿ ಕೂಡುತ್ತದೆ. ಫಿಲೆಮೋನನ ಮನೆಯಲ್ಲಿ ಮಾತ್ರ ಅದು ಮೋಸ ಮಾಡುತ್ತದೆ. ಅಲ್ಲಿ ಬೇಕಾದದ್ದು ಗುಲಾಮ, ತೊತ್ತು ಎಂಬ ಒರಟು ಪದ, ಏಕೆಂದರೆ ಒನೇಸಿಮನು ಪೇಟೆಯಲ್ಲಿ ಕ್ರಯ ಕಟ್ಟಿ ಮಾರಬಹುದಾಗಿದ್ದ ಆಸ್ತಿ.

ಜೀತದ ಹೋಲಿಕೆಯೂ ಪೂರ್ತಿ ಸರಿಹೋಗುವುದಿಲ್ಲ. ಜೀತಕ್ಕೆ ಸಾಲವೆಂಬ ನೆಪವಾದರೂ ಇರುತ್ತದೆ, ತೀರುವ ಸುಳ್ಳು ಆಸೆಯಾದರೂ ಇರುತ್ತದೆ. ಸ್ವಾರಸ್ಯವೆಂದರೆ, ಈ ಪತ್ರದಲ್ಲಿ ತಾನು ಕ್ರಿಸ್ತನ ‘ದೂಲೊಸ್’ ಎಂದು ಪೌಲನು ಹೇಳಿಕೊಳ್ಳುವುದೇ ಇಲ್ಲ. ಆರಂಭದಲ್ಲಿಯೇ ‘ಸೆರೆಯವನು’ ಎನ್ನುತ್ತಾನೆ. ನಿಜವಾದ ಗುಲಾಮನೊಬ್ಬನು ಎದುರಿಗೆ ನಿಂತಿರುವಾಗ ಆ ಪದವನ್ನು ಅಲಂಕಾರವಾಗಿ ಬಳಸಲು ಅವನಿಗೆ ನಾಚಿಕೆಯಾಯಿತೋ ಏನೋ.

ಗ್ರೀಕ್ ಓದುಗ

ಒಪ್ಪುವಂಥ ಮಾತು. ಅದೇ ವಚನದ ‘ದಾಸನಂತೆ’ ಎಂಬಲ್ಲಿಯ ‘ಅಂತೆ’ಯನ್ನೂ ‘ಶರೀರಸಂಬಂಧವಾಗಿಯೂ ಸಹೋದರ’ ಎಂಬ ಮಾತನ್ನೂ ಹಿಡಿದುಕೊಂಡು, ಒನೇಸಿಮನು ಗುಲಾಮನೇ ಅಲ್ಲ, ಫಿಲೆಮೋನನ ಒಡಹುಟ್ಟಿದ ತಮ್ಮ ಎಂದು 1993ರಲ್ಲಿ ಅಲೆನ್ ಕ್ಯಾಲಹನ್ ವಾದಿಸಿದರು. 19ನೇ ಶತಮಾನದ ಕೆಲವು ಗುಲಾಮಗಿರಿ ವಿರೋಧಿಗಳೂ ಹಾಗೆ ಓದಿದ್ದರು. ಮನಸ್ಸಿಗೆ ಹಿತವಾದರೂ ವ್ಯಾಕರಣ ಅಷ್ಟು ಭಾರ ಹೊರುವುದಿಲ್ಲ.

ಹೇಮಾವತಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಒಂದು ಕೊನೆಯ ಪ್ರಶ್ನೆ: ಒನೇಸಿಮನು ಮುಂದೆ ಎಫೆಸದ ಬಿಷಪ್ ಆದನೆಂದು ನಮ್ಮ ಸಭಾಪಾಲಕರು ಹೇಳುತ್ತಾರೆ. ಅದನ್ನು ಗುಂಪಿನಲ್ಲಿ ಹೇಳಬಹುದೇ?

ಸಭೆಯ ಹಿರಿಯ

ಸಂಪ್ರದಾಯವೆಂದು ಹೇಳಿ, ಚರಿತ್ರೆಯೆಂದು ಹೇಳಬೇಡಿ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾತಿಯನನ್ನು ಮರಣದಂಡನೆಗೆಂದು ರೋಮಿಗೆ ಒಯ್ಯುವಾಗ, ಸ್ಮುರ್ನದಿಂದ ಎಫೆಸದವರಿಗೆ ಬರೆದ ಪತ್ರದಲ್ಲಿ ಅವರ ಬಿಷಪ್ ಒನೇಸಿಮನನ್ನು ಹೊಗಳಿದ್ದಾನೆ. ಆ ಪತ್ರದಲ್ಲಿಯೂ ‘ಒನೈಮೆನ್’ ಎಂಬ ಪದವಿರುವುದರಿಂದ ಇಬ್ಬರೂ ಒಬ್ಬನೇ ಎಂದು 1935ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ನಾಕ್ಸ್ ಊಹಿಸಿದರು. ಪೌಲನ ಪತ್ರಗಳನ್ನು ಕೂಡಿಸಿಟ್ಟವನೂ ಇವನೇ, ಅದಕ್ಕಾಗಿಯೇ ಇಷ್ಟು ಚಿಕ್ಕ ಪತ್ರ ಉಳಿಯಿತು ಎಂದರು. ಇಷ್ಟವಾಗುವ ಊಹೆ, ಆದರೆ ಹೆಸರು ಬಹಳ ಸಾಮಾನ್ಯವಾದದ್ದು, ನಡುವೆ ಅರ್ಧ ಶತಮಾನ ಕಳೆದಿದೆ. ಮತ್ತೊಂದು ಹಳೆಯ ಪಟ್ಟಿಯಲ್ಲಿ ಅವನು ಮಕೆದೋನ್ಯದ ಬೆರೋಯದ ಬಿಷಪ್ ಆಗಿದ್ದಾನೆ.

ಸಭೆಯು ಈ ಹೆಸರನ್ನು ಹೇಗೆ ಬಳಸಿಕೊಂಡಿತೆಂಬುದು ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ನಾಲ್ಕನೆಯ ಶತಮಾನದ ಕೊನೆಯ ಅಪೊಸ್ತಲಿಕ ನಿಯಮಗಳಲ್ಲಿ, ಯಜಮಾನನ ಒಪ್ಪಿಗೆಯಿಲ್ಲದೆ ಗುಲಾಮನಿಗೆ ಗುರುದೀಕ್ಷೆ ಕೊಡಬಾರದು, ನಮ್ಮ ಒನೇಸಿಮನಂತೆ ಯೋಗ್ಯನಾದವನಿದ್ದರೆ ಯಜಮಾನನು ಮೊದಲು ಬಿಡುಗಡೆ ಮಾಡಲಿ ಎಂದಿದೆ. ಅದೇ ಶತಮಾನದ ಮಧ್ಯದಲ್ಲಿ ಏಷ್ಯಾ ಮೈನರಿನ ಗಂಗ್ರ ಪಟ್ಟಣದಲ್ಲಿ ಸೇರಿದ ಬಿಷಪ್ಪರು, ಭಕ್ತಿಯ ಹೆಸರಿನಲ್ಲಿ ಯಜಮಾನನನ್ನು ಬಿಟ್ಟುಹೋಗುವಂತೆ ಗುಲಾಮನಿಗೆ ಕಲಿಸುವವನಿಗೆ ಶಾಪ ಹಾಕಿದರು. ಇಷ್ಟರ ನಡುವೆ, 380ರ ಸುಮಾರಿಗೆ, ನಿಸ್ಸದ ಬಿಷಪ್ ಗ್ರೆಗೊರಿಯು ಬೈಬಲಿನ ‘ಪ್ರಸಂಗಿ’ ಎಂಬ ಪುಸ್ತಕದ ಮೇಲೆ ಬೋಧಿಸುತ್ತಾ, ದೇವರ ಸ್ವರೂಪವನ್ನು ಎಷ್ಟು ಕಾಸಿಗೆ ಕೊಂಡೆ ಎಂದು ಗುಲಾಮರನ್ನು ಕೊಳ್ಳುವವರನ್ನು ನೇರವಾಗಿ ಕೇಳಿದನು. ಪೌಲನು ಬಾಯಿ ಬಿಡದ ಮಾತನ್ನು ಒಬ್ಬನಾದರೂ ಆಡಲು ಮುನ್ನೂರು ವರ್ಷಗಳ ಮೇಲೆ ಬೇಕಾದವು.

ಕಪ್ಪು ಮಣ್ಣು

ಗುಂಪಿನಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದ 22ನೇ ವಚನದಿಂದಲೂ, ಅಂದರೆ ಯಜಮಾನರಿಗೆ ವಿಧೇಯರಾಗಿರಿ ಎಂದು ಗುಲಾಮರಿಗೆ ಹೇಳುವ ಭಾಗವನ್ನೂ, ಓದಿಸುವುದು ನ್ಯಾಯವೆಂದು ನನಗೆ ತೋರುತ್ತದೆ. ಅದನ್ನು ಬಿಟ್ಟರೆ ಫಿಲೆಮೋನನ ಪತ್ರ ಬಹಳ ಸಿಹಿಯಾಗಿಬಿಡುತ್ತದೆ.

ಗ್ರೀಕ್ ಓದುಗ

ಖಂಡಿತ ಓದಿಸಿ. ಅಲ್ಲಿ ಗುಲಾಮರಿಗೆ ನಾಲ್ಕು ವಚನಗಳಿವೆ, ಯಜಮಾನರಿಗೆ ಒಂದು. ಗುಲಾಮರ ಭಾಗ ಮುಗಿಯುವ 25ನೇ ವಚನದಲ್ಲಿ, ಅನ್ಯಾಯ ಮಾಡಿದವನು ತಾನು ಮಾಡಿದ ಅನ್ಯಾಯಕ್ಕೆ ತಕ್ಕದ್ದನ್ನು ಹೊಂದುವನು, ಅಲ್ಲಿ ಪಕ್ಷಪಾತವಿಲ್ಲ ಎಂದಿದೆ. ಗ್ರೀಕಿನಲ್ಲಿ ಅಲ್ಲಿರುವುದು ‘ಎದಿಕೇಸೆನ್’. ಫಿಲೆಮೋನನ ಪತ್ರದ 18ನೇ ವಚನದಲ್ಲಿ, ಅವನು ನಿನಗೆ ಅನ್ಯಾಯ ಮಾಡಿದ್ದರೆ ಎಂಬಲ್ಲಿಯೂ ಅದೇ ಪದ, ಅದೇ ರೂಪ. ಕೊಲೊಸ್ಸೆಯವರಿಗೆ ಬರೆದ ಪತ್ರದ ಮಾತನ್ನು ನಂಬುವುದಾದರೆ, ಆ ದಿನ ತುಖಿಕನ ಜೊತೆಯಲ್ಲಿ ಊರಿಗೆ ಬಂದವನು ಒನೇಸಿಮ. ಒಂದು ಪತ್ರದಲ್ಲಿ ಅನ್ಯಾಯ ಮಾಡಿದವನೇ ತೆರಬೇಕು, ಇನ್ನೊಂದರಲ್ಲಿ ಅದನ್ನು ಪೌಲನು ತೆರುತ್ತಾನೆ. ಎರಡನ್ನೂ ಕೇಳುತ್ತಾ ಅವನು ಆ ಮನೆಯಲ್ಲಿ ಎಲ್ಲಿ ನಿಂತಿದ್ದನು, ಅಥವಾ ಯಾರಾದರೂ ಅವನಿಗೆ ಕುಳಿತುಕೊಳ್ಳಲು ಹೇಳಿದರೇ ಎಂದು ನಿಮ್ಮ ಗುಂಪಿನವರನ್ನು ಕೇಳಿ ನೋಡಿ.

ಹೇಮಾವತಿ ದಂಡೆ

ಎರಡನ್ನೂ ಓದಿಸುತ್ತೇನೆ. ಒಂದು ಸಂಜೆ ಸಾಲದೆಂದು ಪಾಲಕರಿಗೆ ಈಗಲೇ ತಿಳಿಸಿದ್ದೇನೆ. ಎರಡು ಗುರುವಾರಗಳನ್ನು ಕೊಟ್ಟಿದ್ದಾರೆ.